ಗಿರಿಜೆಯ ಬುಟ್ಟಿಯಲ್ಲಿ ಕೂತು ಹೊಳೆ ದಾಟಿದ್ದು

ಭೂತ ಕಂಡೆ, ಪೀಡೆ ಕಂಡೆ ಎನ್ನುವವರನ್ನು ನಾನು ಯಾವತ್ತೂ ನಂಬಿದವಳಲ್ಲ. ಕೆಲಸ ಇಲ್ಲದವರ ಕಣ್ಣಿಗೆ ಅಂಥದ್ದೆಲ್ಲ ಬೀಳುತ್ತದೆ, ತಲೆ ಮೇಲೆ ಮೀನುಬುಟ್ಟಿ ಹೊತ್ತು ನೋಡಿ, ಎದುರಿನ ರಸ್ತೆ ಬಿಟ್ಟು ಬೇರೇನೂ ಕಾಣುವುದಿಲ್ಲ ಎಂದು ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಚಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಇಂಥದ್ದೆಲ್ಲ ರಾತ್ರಿಯೇ ನಡೆಯುವುದಂತೆ. ನನಗೆ ಆದದ್ದು ಬೆಳಿಗ್ಗೆ, ಒಳ್ಳೆ ಬಿಸಿಲಲ್ಲಿ, ಗಂಗೊಳ್ಳಿಯಿಂದ ಕುಂದಾಪುರಕ್ಕೆ ಹೊಳೆ ದಾಟುವ ದೋಣಿಯಲ್ಲಿ, ಅಷ್ಟು ಜನರ ನಡುವೆ. ನಮ್ಮ ಕೇರಿಗೆ ಮೊಬೈಲ್ ಇನ್ನೂ ಬಾರದಿದ್ದ ಕಾಲ.

ಮೊದಲು ಗಿರಿಜೆಯ ವಿಷಯ ಹೇಳಬೇಕು. ಅವಳು ನನ್ನ ಗಂಡನ ತಮ್ಮನ ಹೆಂಡತಿ. ಬುಟ್ಟಿ ಹೊರುವುದನ್ನು, ಮೀನು ಆಯುವುದನ್ನು, ಕೂಗುವುದನ್ನು ಕಲಿಸಿದವಳು ನಾನೇ. ಇಬ್ಬರೂ ಒಂದೇ ಬೋಟಿನ ಮೀನು ಕೊಳ್ಳುತ್ತಿದ್ದೆವು, ಒಂದೇ ಐಸು ಹಾಕುತ್ತಿದ್ದೆವು, ಕುಂದಾಪುರದ ಮಾರ್ಕೆಟ್ಟಿನಲ್ಲಿ ಪಕ್ಕಪಕ್ಕ ಕೂರುತ್ತಿದ್ದೆವು. ಆದರೆ ಖಾಲಿಯಾಗುವುದು ಯಾವಾಗಲೂ ಅವಳ ಬುಟ್ಟಿ ಮೊದಲು. ಅವಳದು ಮುಗಿದ ಮೇಲೆ ಜನ ನನ್ನ ಕಡೆ ತಿರುಗಿ, "ಗಿರಿಜನ್ ಮೀನ್ ಖಾಲಿ ಆಯ್ತಾ? ಹಂಗಾರೆ ನಿಂದೇ ಕೊಡ್" ಎನ್ನುತ್ತಿದ್ದರು. ಆ ಮಾತು ಕೇಳಿದಾಗ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು. ಸಾಯುವುದರೊಳಗೆ ಒಂದು ದಿನ, ಒಂದೇ ಒಂದು ದಿನ, ಅವಳಿಗಿಂತ ಮೊದಲು ನನ್ನ ಬುಟ್ಟಿ ಖಾಲಿಯಾಗಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಮಳೆಗಾಲ ಕಳೆದು ಬಂಗುಡೆ ಚೆನ್ನಾಗಿ ಬೀಳುತ್ತಿದ್ದ ಸಮಯ. ದೋಣಿ ಹೊಳೆಯ ಅರ್ಧಕ್ಕೆ ಬಂದಾಗ ಗಿರಿಜೆಯ ಬುಟ್ಟಿಗೆ ಮುಚ್ಚಿದ್ದ ಗೋಣಿ ಅಲುಗಾಡಿತು. ಜೀವ ಇರುವ ಮೀನು ಹಾಕಿದ್ದಾಳೋ ಏನೋ ಎಂದು ನಾನು ಮೆಲ್ಲಗೆ ಗೋಣಿ ಎತ್ತಿದೆ. ಬಂಗುಡೆಯ ನಡುವೆ ಏನೋ ಒಂದು ಕೂತಿತ್ತು. ತೆಂಗಿನಕಾಯಿಯಷ್ಟು ದೊಡ್ಡದು. ಮೈ ಹಸಿ ಬೊಂಡಾಸು ಮೀನಿನ ಹಾಗೆ ನುಣುಪು. ತೆಂಗಿನಕಾಯಿಗೆ ಇರುವ ಹಾಗೆಯೇ ಮೂರು ಕಣ್ಣು, ಮೂರೂ ನನ್ನನ್ನೇ ನೋಡುತ್ತಿದ್ದವು.

"ಹ್ವಾಯ್, ಚೂರ್ ಐಸ್ ಇತ್ತಾ?" ಎಂದಿತು. ಅದೂ ಗಿರಿಜೆಯದೇ ಸ್ವರದಲ್ಲಿ.

"ಹೆಣೆ, ಇದ್ ಎಂತ?" ಎಂದು ಗಿರಿಜೆಯನ್ನು ಕೇಳಿದೆ.

"ಮೆಲ್ಲ ಅಕ್ಕ, ಕೂಗ್ಬೇಡಿ. ಐಸ್ ಪ್ಲಾಂಟಿನ್ ಹಿಂದ್ ಬಿದ್ಕಂಡಿತ್ತ್. ಬಿಸ್ಲ್ ಆತಿಲ್ಲೆ ಅದ್ಕೆ. ಪಾಪದ್, ಐಸ್ ಬಿಟ್ರೆ ಎಂತದೂ ಕೇಂತಿಲ್ಲೆ."

"ಎಷ್ಟ್ ದಿನ ಆಯ್ತ್ ತಂದಿಟ್ಕಂಡ್?"

"ಮಳಿ ಬಿಟ್ ಮೇಲೆ."

ಬುಟ್ಟಿ ಮುಟ್ಟಿ ನೋಡಿದೆ. ಐಸ್ ಪ್ಲಾಂಟಿನ ಗೋಡೆಯಷ್ಟು ತಣ್ಣಗಿತ್ತು. ಅದು ಕೂತಲ್ಲೆಲ್ಲ ಹಾಗೆಯೇ ಆಗುತ್ತದಂತೆ. ಓಹೋ, ಇವಳ ಮೀನು ಮಧ್ಯಾಹ್ನವಾದರೂ ಈಗ ಹಿಡಿದ ಹಾಗೆ ಇರುವುದು ಇದಕ್ಕೇ ಎಂದು ನನಗೆ ಅರ್ಥವಾಯಿತು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಸಿಟ್ಟು ಬಂತು. ಆ ಐಸ್ ಪ್ಲಾಂಟಿನ ಹಿಂದೆ ದಿನಾ ನಾನೂ ಹೋಗುತ್ತೇನೆ. ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ? ಎಲ್ಲಿಂದಲೋ ಬಂದ ಮೂರು ಕಣ್ಣಿನ ವಸ್ತುವಿಗೂ ಗಿರಿಜೆಯ ಬುಟ್ಟಿಯೇ ಬೇಕಾಯಿತೇ?

ಅಷ್ಟರಲ್ಲಿ ದೋಣಿಯ ತುದಿಯಲ್ಲಿದ್ದ ಇಬ್ಬರು ಎದ್ದು ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕಾಲಿಗೆ ಬೂಟು, ಆ ಬಿಸಿಲಲ್ಲೂ ಕೈಯಲ್ಲಿ ಮಡಚಿದ ಕಪ್ಪು ಕೊಡೆ. ಒಬ್ಬ ಉದ್ದ, ಒಬ್ಬ ಗಿಡ್ಡ.

"ಈ ಬುಟ್ಟಿ ಯಾರದು?" ಎಂದು ಉದ್ದನೆಯವನು ರೇಡಿಯೋದವರ ಹಾಗೆ ಶುದ್ಧವಾಗಿ ಕೇಳಿದ.

"ಅವ್ಳದ್" ಎಂದೆ. ಯಾರೂ ಬಾಯಿ ತೆರೆಯುವ ಮೊದಲೇ ಎಂದೆ.

"ಹೆದರಬೇಡಿ. ಹೊರಗಿನಿಂದ ಬಂದವರನ್ನು ಕಾಯುವುದು ನಮ್ಮ ಕೆಲಸ."

"ಹೊರ್ಗೆ ಅಂದ್ರೆ ಎಲ್ಲಿ ಮಾರಾಯ್ರೆ? ಮಂಗ್ಳೂರಾ?" ಎಂದು ದೋಣಿಯವನು ಕೇಳಿದ.

ಅವನು ಕೊಡೆಯನ್ನು ಆಕಾಶದ ಕಡೆ ಎತ್ತಿ ತೋರಿಸಿದ. ಕಾಗದಪತ್ರ ಸರಿ ಇದ್ದವರಿಗೆ ತೊಂದರೆ ಇಲ್ಲವಂತೆ. ತೆಕ್ಕಟ್ಟೆಯಲ್ಲಿ ಅಂಥವನೊಬ್ಬ ಸೈಕಲ್ ಅಂಗಡಿ ಇಟ್ಟುಕೊಂಡು ಮರ್ಯಾದೆಯಿಂದ ಇದ್ದಾನಂತೆ. ಇದು ಮಾತ್ರ ಯಾರನ್ನೂ ಕೇಳದೆ ಇಳಿದದ್ದಂತೆ.

ಬುಟ್ಟಿಯೊಳಗಿದ್ದದ್ದಕ್ಕೆ ಈ ಮಾತು ಅರ್ಥವಾಯಿತು. ಬುಟ್ಟಿಯಿಂದ ಹಾರಿ ದೋಣಿಯವನ ತಲೆ ಮೇಲೆ ಕೂತಿತು. ಅವನು ಚುಕ್ಕಾಣಿ ಬಿಟ್ಟು ಎರಡೂ ಕೈಯಲ್ಲಿ ತಲೆ ಬಡಿದುಕೊಂಡ. ದೋಣಿ ಹೊಳೆಯ ನಡುವೆ ಗಿರಗಿರ ಸುತ್ತತೊಡಗಿತು. ಗಿಡ್ಡನೆಯವನು ಹಿಡಿಯಲು ಹಾರಿ, ಜಾರಿ, ಧೊಪ್ಪೆಂದು ಬುಟ್ಟಿಯೊಳಗೆ ಕೂತ. ಯಾರ ಬುಟ್ಟಿ? ನನ್ನದು. ಬಂಗುಡೆ ಎಲ್ಲ ಚಟ್ನಿ. ಪಕ್ಕದಲ್ಲೇ ಇದ್ದ ಗಿರಿಜೆಯ ಬುಟ್ಟಿಗೆ ಅವನ ಕಾಲೂ ತಾಗಲಿಲ್ಲ.

ಗಿರಿಜೆ ಉದ್ದನೆಯವನ ಬೆಲ್ಟು ಹಿಡಿದು ಜಗ್ಗಿದಳು. "ಬಿಡಿನಿ ಅದನ್ನ! ಎರ್ಡ್ ಚೂರ್ ಐಸ್ ತಿಂದ್ರೆ ನಿಮ್ದೆಂತ ಗಂಟ್ ಹೋತ್?" ಎಂದು ಬೈದಳು. ಅವನು ಕೊಡೆ ಬಿಡಿಸಿ ತಲೆಕೆಳಗೆ ಹಿಡಿದ. ಕೆಸರಿನಿಂದ ಕಾಲು ಕಿತ್ತಾಗ ಬರುವಂಥ ಒಂದು ಶಬ್ದ ಬಂತು. ದೋಣಿಯವನ ತಲೆ ಮೇಲಿದ್ದದ್ದು ಉದ್ದಕ್ಕೆ ಎಳೆದುಕೊಂಡು ಕೊಡೆಯೊಳಗೆ ಹೋಯಿತು. "ನಾ ಬತ್ತಿಲ್ಲೆ, ನಾ ಬತ್ತಿಲ್ಲೆ" ಎಂದು ಕೊಡೆಯೊಳಗಿನಿಂದ ಗಿರಿಜೆಯ ಸ್ವರ ಕೇಳುತ್ತಿತ್ತು. ಹೊರಗೆ ಕೂತು ಗಿರಿಜೆ ಅಳುತ್ತಿದ್ದಳು.

ಗಿಡ್ಡನೆಯವನು ಅಂಗಿಗೆ ಮೆತ್ತಿದ ಮೀನು ಒರೆಸಿಕೊಂಡು ಜೇಬಿನಿಂದ ಎಲೆಯಡಿಕೆಯ ಪೊಟ್ಟಣ ತೆಗೆದ. ಸುಧಾರಿಸಿಕೊಳ್ಳಿ ಎಂದು ಎಲ್ಲರಿಗೂ ಒಂದೊಂದು ಮಡಚಿ ಕೊಡುತ್ತ ಬಂದ. ಅಲ್ಲಿಯೇ ಅವನು ತಪ್ಪಿದ್ದು. ಎಲೆಯಡಿಕೆ ಕೊಡುವಾಗ ದೊಡ್ಡವರಿಗೆ ಮೊದಲು ಕೊಡಬೇಕು, ಅದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವನು ನನ್ನನ್ನು ದಾಟಿ ಗಿರಿಜೆಗೆ ಮೊದಲು ಕೊಟ್ಟ, ಆಮೇಲೆ ನನಗೆ ಚಾಚಿದ. ಅವಳ ನಂತರ ಕೊಟ್ಟದ್ದನ್ನು ನಾನು ಬಾಯಿಗೆ ಹಾಕುತ್ತೇನೆಯೇ? ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿ ಹೊಳೆಯ ಕಡೆ ಮುಖ ತಿರುಗಿಸಿದೆ.

ಉಳಿದವರೆಲ್ಲ ಎಲೆ ಅಗಿದರು. ಸ್ವಲ್ಪ ಹೊತ್ತಿಗೆ ದೋಣಿಯವನು ಏನೂ ಆಗದವನ ಹಾಗೆ ಚುಕ್ಕಾಣಿ ಹಿಡಿದ. ಜನ ಅರ್ಧಕ್ಕೆ ಬಿಟ್ಟ ಮಾತು ಮುಂದುವರಿಸಿದರು. ಗಿರಿಜೆ ಸೆರಗಿನಿಂದ ಮುಖ ಒರೆಸಿಕೊಂಡು, "ಅಕ್ಕ, ನನ್ ಕಣ್ಣಿಗೆ ಎಂತ ಬಿದ್ದಿತ್ ಕಾಣಿ, ನೀರ್ ನಿಲ್ತಿಲ್ಲೆ" ಎಂದಳು. ಕಣ್ಣು ಅಗಲಿಸಿ ನೋಡಿದೆ. ಏನೂ ಇರಲಿಲ್ಲ. ಆ ಇಬ್ಬರು ಕುಂದಾಪುರದಲ್ಲಿ ಇಳಿದು, ಕೊಡೆ ಕಂಕುಳಲ್ಲಿಟ್ಟುಕೊಂಡು, ಬೈಂದೂರು ಬಸ್ಸು ಹತ್ತಿ ಹೋದರು. ನನ್ನ ಸೊಂಟದಲ್ಲಿದ್ದ ಎಲೆಯನ್ನು ದಡದಲ್ಲಿದ್ದ ಒಂದು ಆಡು ಎಳೆದು ತಿಂದಿತು. ಅದರ ಒಡತಿ ಕೂಗಿ ಕೂಗಿ ಸಾಕಾದಳು, ಆಡು ಅವಳನ್ನು ಕಂಡೇ ಇಲ್ಲ ಎನ್ನುವಂತೆ ನಿಂತಿತ್ತು.

ಆ ದಿನ ಚಟ್ನಿಯಾದ ಬಂಗುಡೆಯನ್ನು ಯಾರೂ ಕೇಳಲಿಲ್ಲ. ಇರಲಿ, ನಾಳೆ ಇದೆಯಲ್ಲ ಎಂದುಕೊಂಡೆ. ಮನೆಯಲ್ಲಿ ಹೇಳಿದರೆ ಬಿಸಿಲು ತಲೆಗೆ ಹತ್ತಿದೆ ಎಂದರು. ತೆಕ್ಕಟ್ಟೆಗೂ ಹೋಗಿ ಬಂದೆ. ಸೈಕಲ್ ಅಂಗಡಿಯವನು ನನ್ನನ್ನು ನೋಡಿ ನಕ್ಕ. ಎಲ್ಲರಿಗೂ ನಗುವ ಹಾಗೆ ನಕ್ಕನೋ, ಗೊತ್ತಿದ್ದು ನಕ್ಕನೋ, ಹೇಗೆ ಹೇಳಲಿ?

ಅದು ಏನು, ಅವರು ಯಾರು, ನನಗೆ ಇವತ್ತಿಗೂ ತಿಳಿಯದು. ಮೇಲಿಂದ ಬಂದದ್ದು ಮೇಲಿನವರಿಗೆ ಗೊತ್ತು ಎಂದು ಅದನ್ನಾದರೂ ಬಿಟ್ಟುಬಿಡಬಹುದು. ಬಿಡಲಾಗದ್ದು ಇನ್ನೊಂದಿದೆ. ಮರುದಿನ ದೋಣಿ ಹತ್ತುವ ಮೊದಲು ಗಿರಿಜೆಯ ಬುಟ್ಟಿಗೆ ನಾನೇ ಕೈಹಾಕಿ ತಳದವರೆಗೆ ಹುಡುಕಿದೆ. ಬಂಗುಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಬುಟ್ಟಿ ನನ್ನದರಷ್ಟೇ ಬೆಚ್ಚಗಿತ್ತು. ಅದೇ ಬೋಟು, ಅದೇ ಐಸು. ಮಾರ್ಕೆಟ್ಟಿನಲ್ಲಿ ನಾನು ಅವಳಿಗಿಂತ ಮೊದಲೇ ಕೂತು ಕೂಗಲು ಶುರುಮಾಡಿದ್ದೆ.

ಬಿಸಿಲು ಏರುವ ಮೊದಲೇ ಗಿರಿಜೆ ಖಾಲಿ ಬುಟ್ಟಿ ಬೋರಲು ಹಾಕಿ, ಗೋಣಿ ಮಡಚಿ, ನನ್ನ ಕಡೆ ಸರಿದು ಕೂತಳು.

"ಅಕ್ಕ, ನಿಮ್ದೂ ಮಾರಿ ಕೊಡ್ಲಾ?" ಎಂದಳು.