ಬೇಸಿಕ್ ಅಂಗಿ

ಆಗೆಲ್ಲ ಬ್ಯಾಡಗಿಯ ನಮ್ಮ ಓಣಿಗೆ ಇಂಗ್ಲಿಷ್ ಬರುತ್ತಿದ್ದುದು ಶಾಲೆಯ ದಾರಿಯಿಂದಷ್ಟೇ. ಒಂದು ಶಬ್ದಕ್ಕೆ ಒಂದು ಅರ್ಥ ಕಲಿತರೆ ಅದು ವರ್ಷಗಟ್ಟಲೆ ಬಾಳುತ್ತಿತ್ತು.

ಒಂದು ಬೇಸಿಗೆಯಲ್ಲಿ, ಮೆಣಸಿನಕಾಯಿ ಘಾಟಿಗೆ ಮನೆಮಂದಿಯೆಲ್ಲ ಸೀನುತ್ತಿದ್ದಾಗ, ಹುಬ್ಬಳ್ಳಿಯಿಂದ ನನ್ನ ಚಿಕ್ಕವ್ವನ ಮಗಳು ಪ್ರಣತಿ ರಜೆಗೆ ಬಂದಳು. ಇಬ್ಬರಿಗೂ ಒಂದೇ ವಯಸ್ಸು, ಆದರೆ ಅವಳ ಕೈಯಲ್ಲಿ ಮೊಬೈಲ್ ಇತ್ತು. ಅದರಲ್ಲಿ ಕಲಿತ ಹೊಸ ಇಂಗ್ಲಿಷನ್ನು ನಮಗೂ ಹೇಳಿಕೊಟ್ಟಳು. ಸಿಕ್ ಎಂದರೆ ಜಡ್ಡಲ್ಲ, ಭಾರಿ ಚೆಂದ. ಡೆಡ್ ಎಂದರೆ ನಗು ತಡೆಯಲಾಗದವಳು. ಸಾಲ್ಟಿ ಎಂದರೆ ಹೊಟ್ಟೆ ಉರಿದುಕೊಂಡವಳು. ಓಣಿಯ ಹುಡುಗಿಯರು ಕುಂಟಾಬಿಲ್ಲೆ ಬಿಟ್ಟು, ಚುರುಮುರಿ ಮುಕ್ಕುತ್ತ ಅವಳ ಸುತ್ತ ಕೂತು ಗಿಳಿಗಳಂತೆ ಇದನ್ನೆಲ್ಲ ಒಪ್ಪಿಸುತ್ತಿದ್ದರು. ನೆನೆದರೆ ಈಗಲೂ ಹೇಸಿಕೆಯಾಗುತ್ತದೆ.

ನಮ್ಮವ್ವ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದಳು. ತಂಗಿಯ ಮಗಳಿಗೆಂದು ಎತ್ತಿಟ್ಟಿದ್ದ ಖಣದ ಬಟ್ಟೆ ತೆಗೆದು ಒಂದು ಅಂಗಿ ಹೊಲಿದಳು. ಪ್ರಣತಿ ಹಾಕಿಕೊಂಡು, ಕನ್ನಡಿಯತ್ತ ತಿರುಗಿ, ಭಾಳ ಬೇಸಿಕ್ ಐತಿ ಎಂದಳು. ಅವ್ವನ ಮುಖ ಅರಳಿತು. ನನ್ನ ಗಣಿತದ ಬೇಸಿಕ್ ಗಟ್ಟಿಯಿದೆ ಎಂದು ನಮ್ಮ ಮಾಸ್ತರರು ಹಿಂದೆ ಅವಳೆದುರು ಹೊಗಳಿದ್ದರು.

ಸಂಜೆ ಕಟ್ಟೆಗೆ ಬಂದ ಹೆಂಗಸರಿಗೆ ಅವ್ವ ಹಿಗ್ಗಿನಿಂದ ಹೇಳಿದಳು: "ನಮ್ಮ ಪ್ರಣತಿ ನನ್ನ ಹೊಲಿಗಿಗೆ ಬೇಸಿಕ್ ಅಂದ್ಳು ನೋಡ್ರಿ. ಗಟ್ಟಿ ಐತಿ ಅಂತ."

ಪ್ರಣತಿ ಬಾಯಿ ಮುಚ್ಚಿಕೊಂಡು ನಕ್ಕಳು. ಗಿಳಿಗಳೂ ನಕ್ಕವು.

"ಹಂಗಲ್ಲ ದೊಡ್ಡವ್ವಾ. ಬೇಸಿಕ್ ಅಂದ್ರ ಸಪ್ಪನ್ನ. ಅದರಾಗ ಏನೂ ಇಲ್ಲ ಅಂತ."



"ಹೌದೇನವಾ. ನನಗ ಗೊತ್ತಿರಲಿಲ್ಲ," ಎಂದು ಅವ್ವ ಒಳಗೆ ಹೋಗಿ ಮಷೀನಿನ ಮೇಲೆ ಬಟ್ಟೆ ಮುಚ್ಚಿದಳು.

ಪ್ರಣತಿ ಆ ಅಂಗಿಯನ್ನು ಮಂಚದ ಮೇಲೆ ಬಿಸಾಕಿದ್ದಳು. ಮರುದಿನ ಅದನ್ನು ನಾನು ಹಾಕಿಕೊಂಡು ಅವಳ ಕಣ್ಣೆದುರೇ ಓಣಿ ತಿರುಗಿದೆ. ಅವಳು ಊರಿಗೆ ಹೋಗುವ ತನಕ ನನ್ನ ಜೊತೆ ಮಾತಾಡಲಿಲ್ಲ.

ಮೊನ್ನೆ ರಾಣೆಬೆನ್ನೂರಿನ ಒಂದು ಮದುವೆಯಲ್ಲಿ ಪ್ರಣತಿ ತನ್ನ ಅದೇ ಶಬ್ದಗಳನ್ನು ಕಾಲೇಜು ಹುಡುಗಿಯರ ಮುಂದೆ ಆಡಿದಳು. ಈಗ ಯಾರೂ ಹಂಗ ಅನ್ನೂದಿಲ್ಲ ಅಕ್ಕಾ ಎಂದು ಅವರು ಮುಸಿಮುಸಿ ನಕ್ಕರು. ಅವಳ ಮುಖ ಸಪ್ಪಗಾಯಿತು. ನನಗೆ ಕನಿಕರ ಬರಲಿಲ್ಲ. ಕೆಲವು ಬೇಸಿಗೆಯೂ ಬಾಳದ ಮಾತುಗಳು; ಅವು ಹಾಳಾದದ್ದಕ್ಕೆ ಯಾರು ಅಳುತ್ತಾರೆ?

ಹಾಳಾದದ್ದು ಬೇರೆ. ಆ ಬೇಸಿಗೆಯವರೆಗೂ ರೊಟ್ಟಿ ಬಡಿಯುವಾಗ ಅವ್ವ, ಇವತ್ತು ಸಾಲ್ಯಾಗ ಯಾವ ಇಂಗ್ಲಿಷ್ ಶಬ್ದ ಕಲಿತಿ ಎಂದು ಕೇಳುತ್ತಿದ್ದಳು. ನಾನು ಹೇಳಿದ್ದನ್ನು ತಾನೂ ಜೋರಾಗಿ ಅಂದು ನೋಡುತ್ತಿದ್ದಳು. ಆ ಸಂಜೆಯ ನಂತರ ಮತ್ತೆಂದೂ ಕೇಳಲಿಲ್ಲ.