ಚಿಕ್ಕವ್ವ ಬಡಿಸಿದ ಊಟ

ಬೆಳಿಗ್ಗೆ ಕಾಫಿ ಕುಡಿಯುತ್ತ ಮೊಬೈಲ್ ತೆರೆದರೆ, ಮನೆಯವರ ಗ್ರೂಪಿನಲ್ಲಿ ಯಾರೋ ಆ ತುಣುಕನ್ನು ಮತ್ತೆ ಹಾಕಿದ್ದರು. ಹಂಪಾಪುರದ ನಮ್ಮ ಚಿಕ್ಕವ್ವ ಸಿನಿಮಾದಲ್ಲಿ ಮುದ್ದೆ ಬಡಿಸುವ ದೃಶ್ಯ. ನೋಡುತ್ತ ಕೂತೆ, ಕಾಫಿ ಆರಿತು. ಆ ಸಿನಿಮಾವನ್ನು ನೀವು ನೋಡಿರಲಾರಿರಿ; ನಮ್ಮ ಹುಣಸೂರಿನಲ್ಲಿ ಅದು ವಾರವೂ ಓಡಲಿಲ್ಲ. ಆದರೂ ಅಂಥ ಅಭಿನಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಚಿಕ್ಕವ್ವ ಅಂತ ಹೇಳುತ್ತಿಲ್ಲ. ಸರಿ, ಸ್ವಲ್ಪ ಅದಕ್ಕೂ ಇರಬಹುದು.

ಚಿಕ್ಕವ್ವ ಅಂದರೆ ಬಾಯಿ. ಅವಳು ಬಸ್ ಹತ್ತಿದರೆ ಕಂಡಕ್ಟರ್ ಸುಮ್ಮನಾಗುತ್ತಿದ್ದ. ಊರಿಗೆ ಶೂಟಿಂಗಿಗೆ ಬಂದಿದ್ದ ಹುಡುಗರು, ತಾಯಿಯ ಪಾತ್ರದ ನಟಿ ಕೈಕೊಟ್ಟಾಗ, ದಾರಿಗೆ ವ್ಯಾನ್ ಅಡ್ಡ ನಿಲ್ಲಿಸಿದ್ದಕ್ಕೆ ತಮ್ಮನ್ನು ಬೈಯುತ್ತಿದ್ದ ಇವಳನ್ನೇ ಹಿಡಿದರು. ಚಿಕ್ಕಪ್ಪ, "ಓಗು, ಮಾಡೋಗು. ಮನೇಲಿ ಒಸಿ ಸದ್ದಾದ್ರೂ ಅಡಗ್ತದೆ" ಅಂದರಂತೆ.

ವಿಷಯ ಕೇಳಿ ನಾನು ಫೋನಿನಲ್ಲೇ ಪಾಠ ಶುರುಮಾಡಿದೆ. ಅಳುವಾಗ ತುಟಿ ನಡುಗಬೇಕು, ಕ್ಯಾಮೆರಾ ಕಡೆ ನೋಡಬಾರದು. "ಊಂ ಕಣಪ್ಪ, ಊಂ" ಅಂದಳು. ಅವಳು ಊಂ ಅನ್ನುವುದು ಮಾತು ಕಿವಿಗೆ ಹಾಕಿಕೊಳ್ಳದಿದ್ದಾಗ ಮಾತ್ರ.

ಸಿನಿಮಾ ಬಂದಾಗ ಊರವರು ಟೆಂಪೋ ಮಾಡಿಕೊಂಡು ಹುಣಸೂರಿಗೆ ಬಂದರು. ಅವಳು ತೆರೆಯ ಮೇಲೆ ಕಂಡಾಗಲೆಲ್ಲ ಶಿಳ್ಳೆ. ಆಮೇಲೆ ಆ ದೃಶ್ಯ ಬಂತು. ಗಂಡ, ಮಕ್ಕಳು ಊಟಕ್ಕೆ ಕೂತಿದ್ದಾರೆ. ಉಣ್ಣುತ್ತಲೇ ಮನೆ ಪಾಲಾಗುತ್ತಿದೆ. ಅಪ್ಪನನ್ನು ಯಾರು, ತಾಯಿಯನ್ನು ಯಾರು ಇಟ್ಟುಕೊಳ್ಳಬೇಕು ಎಂಬುದಕ್ಕೆ ಮಕ್ಕಳ ಜಗಳ. ಅವಳು ಅವರಿಗೇ ಸಾರು ಬಿಡುತ್ತಿದ್ದಾಳೆ. ಎಲ್ಲರೂ ಎದ್ದುಹೋದ ಮೇಲೆ ಪಾತ್ರೆ ಬಗ್ಗಿಸಿ ನೋಡುತ್ತಾಳೆ. ಏನೂ ಇಲ್ಲ. ಬೆರಳಲ್ಲಿ ತಳ ಬಳಿದು ನೆಕ್ಕಿ, ಒಂದು ಚೊಂಬು ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಎಂಜಲು ತಟ್ಟೆ ಎತ್ತುತ್ತಾಳೆ. ಅಷ್ಟೆ. ಮುಖದಲ್ಲಿ ದುಃಖವೂ ಇಲ್ಲ. ಅಲ್ಲಿ ಅಳಬೇಕು ಅಂತ ನಿರ್ದೇಶಕರು ಹೇಳಿದ್ದರಂತೆ. ಇವಳು, "ಅಳೋದ್ಯಾಕೆ ಸಾ? ದಿನಾ ಇರೋದಲ್ವಾ?" ಅಂದಿದ್ದಳಂತೆ.

ಥಿಯೇಟರ್‌ನ ಕತ್ತಲಲ್ಲಿ ಚಿಕ್ಕಪ್ಪನ ದನಿ ಎದ್ದಿತು: "ಲೇ, ಅವ್ಳಿಗೂ ಒಸಿ ಇಕ್ರಲಾ!"

ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಆ ರಾತ್ರಿ ಅವರಿಬ್ಬರಿಗೂ ಊಟ ಹುಣಸೂರಿನ ನಮ್ಮ ಮನೆಯಲ್ಲಿ. ಚಿಕ್ಕಪ್ಪ ತಟ್ಟೆ ಮುಟ್ಟಲಿಲ್ಲ. "ಅವ್ಳು ಉಂಡ್ಲಾ?" ಅಂತ ಕೇಳಿದರು.

"ನೀವ್ ಉಣ್ಣಿ, ನಂದೇನು" ಅಂತ ಅಡುಗೆಮನೆಯಿಂದಲೇ ಚಿಕ್ಕವ್ವ ಅಂದಳು.

"ಬಾ ಇತ್ತಾಗೆ."

ಅವಳು ಹೆದರಿಕೊಂಡೇ ಬಂದಳು. "ಯಾಕೆ, ಪಿಚ್ಚರ್‌ನಾಗೆ ಮಾನ ಕಳದ್ನಾ?"

"ನಮ್ ಮನೇಲೂ ಅಂಗೇಯಾ? ಪಾತ್ರೆ ಬಳ್ಕಂಡು, ನೀರ್ ಕುಡ್ಕಂಡು..."

ಊರಿಗೆಲ್ಲ ಜವಾಬು ಕೊಡುವ ಬಾಯಿ ತಡವರಿಸಿತು. ನೆಲ ನೋಡುತ್ತ, "ಒಂದೊಂದ್ ದಿನ" ಅಂದಳು.

ಚಿಕ್ಕಪ್ಪ ತಮ್ಮ ತಟ್ಟೆಯನ್ನು ಅವಳ ಕಡೆಗೆ ಸರಿಸಿದರು.

ಇವತ್ತು ಆ ತುಣುಕು ನೋಡಿದ ಮೇಲೆ ಮನಸ್ಸು ತಡೆಯದೆ ಬಸ್ ಹತ್ತಿ ಹಂಪಾಪುರಕ್ಕೆ ಬಂದುಬಿಟ್ಟೆ. ಈಗ ಮೂವರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದೇವೆ. ಪಾತ್ರೆಗಳು ನಮ್ಮ ನಡುವೆಯೇ ಇವೆ; ಬೇಕಾದವರು ಬಡಿಸಿಕೊಳ್ಳುವುದು. "ನಿಮ್ ಚಿಕ್ಕಪ್ಪನ ಕಾಟ ನೋಡಪ್ಪ. ನಾನು ಕೂರೋಗಂಟ ತುತ್ತು ಮುರಿಯಲ್ಲ. ನನ್ ಪಾಡಿಗೆ ನಾನು ಉಣ್ಣಂಗಿಲ್ಲ" ಅಂತ ಚಿಕ್ಕವ್ವ ದೂರುತ್ತಿದ್ದಾಳೆ. ನಾನು ಮೊದಲೆಲ್ಲ ಈ ಮನೆಯಲ್ಲಿ ಉಂಡಿದ್ದು ಎಷ್ಟೋ ಸಲ. ಇಲ್ಲಿ ಅವಳು ಉಣ್ಣುವುದನ್ನು ನೋಡುತ್ತಿರುವುದು ಇದೇ ಮೊದಲು. ಉಪ್ಪಿನಕಾಯಿ ಅಂದರೆ ಅವಳಿಗೆ ಅಷ್ಟು ಇಷ್ಟ ಅಂತ ನನಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ಆ ನಿರ್ದೇಶಕರದೇ. ಇನ್ನೊಂದು ಸಿನಿಮಾ, ಈ ಸಲವೂ ತಾಯಿಯ ಪಾತ್ರ. "ಮಾಡ್ತೀನಿ ಬುಡಿ ಸಾ" ಅಂದಳು.

ಚಿಕ್ಕಪ್ಪ ತಲೆ ಎತ್ತಿದರು. "ಅದ್ರಲ್ಲಾದ್ರೂ ನಿಂಗೆ ಊಟ ಇಕ್ತಾರಾ ಕೇಳು."

ಚಿಕ್ಕವ್ವ ಫೋನಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಕೈ ತೆಗೆದು, ನಿಜಕ್ಕೂ ಕೇಳಿದಳು.