ಕೊನೇ ಸೀಟಿಗೆ ಕೇಳಬೇಕು

ಕಮ್ಮನಹಳ್ಳಿಯ ನಮ್ಮ ವಠಾರದಲ್ಲಿ ಒಬ್ಬ ಬಸ್ ಕಂಡಕ್ಟರ್ ಬಾಡಿಗೆಗಿದ್ದ. ಮೆಲ್ಲಗೆ ಮಾತಾಡೋಕೆ ಬರ್ತಿರಲಿಲ್ಲ. ಹೆಂಡತಿ ಹತ್ರ ಉಪ್ಪು ಕೇಳಿದ್ರೂ ಬೀದಿಗೆಲ್ಲ ಕೇಳೋದು. ಪಕ್ಕದ ರೂಮಿನಲ್ಲಿ ರಾಯಚೂರು ಕಡೆಯ ಗಾರೆ ಕೆಲಸದವರ ಮಗಳಿದ್ದಳು. ಯೂನಿವರ್ಸಿಟಿಯವರು ಅವಳನ್ನು ಮೆರಿಟ್ ಸ್ಕಾಲರ್‌ಶಿಪ್ ಇಂಟರ್‌ವ್ಯೂಗೆ ಕರೆದಿದ್ದರು. ಸಿಗದಿದ್ದರೆ ಓದು ಬಿಟ್ಟು ಗಾರ್ಮೆಂಟ್ಸ್‌ಗೆ ಹೋಗಬೇಕು. ಬುದ್ಧಿವಂತೆ, ಆದರೆ ಬಾಯಿ ತೆಗೆದರೆ ದನಿಯೇ ಇಲ್ಲ.

ಇಂಟರ್‌ವ್ಯೂಗೆ ತಯಾರು ಮಾಡೋಕೆ ಅಂತ ಕಂಡಕ್ಟರ್ ಅವಳನ್ನು ವಠಾರದ ನಲ್ಲಿ ಹತ್ತಿರ ನಿಲ್ಲಿಸಿ, ತಾನು ಗೇಟಿನ ಹತ್ತಿರ ನಿಂತು ಪ್ರಶ್ನೆ ಕೇಳ್ತಿದ್ದ. ನಡುವೆ ನಾವು ನೀರಿಗೆ ಜಗಳ ಆಡ್ತಿದ್ವಿ. ಅವಳು ಏನು ಹೇಳಿದರೂ, "ಕೊನೇ ಸೀಟಿಗೆ ಕೇಳಲಿಲ್ಲಮ್ಮ!" ಅನ್ನೋನು.

ಇಂಟರ್‌ವ್ಯೂನಲ್ಲಿ ಅವಳು ಹೆಸರು ಹೇಳಿದ್ದಕ್ಕೇ ಎದುರಿಗಿದ್ದ ಮೇಷ್ಟ್ರು ಬೆಚ್ಚಿ ಟೀ ಚೆಲ್ಲಿಕೊಂಡರಂತೆ.

"ಯಾಕಮ್ಮ ಇಷ್ಟು ಜೋರು?"

"ನಮ್ಮ ಕಂಡಕ್ಟರ್ ಅಣ್ಣಾರು ಹಿಂಗೇ ಕಲಿಸ್ಯಾರ್ರೀ ಸರ್!" ಅಂತ ಅದನ್ನೂ ಕೂಗಿದಳಂತೆ. ಅವರು ನಕ್ಕು, ಕುರ್ಚಿ ಹತ್ತಿರ ಎಳೆದುಕೋ ಅಂತ ಹೇಳಿ ಉಳಿದದ್ದು ಕೇಳಿದರಂತೆ.

ಸ್ಕಾಲರ್‌ಶಿಪ್ ಸಿಕ್ಕಿದೆ ಅಂತ ಕಾಗದ ಬಂತು. ಆ ಕಾಗದವನ್ನು ಕಂಡಕ್ಟರ್ ಟಿಕೆಟ್ ಚೀಲದಲ್ಲಿಟ್ಟುಕೊಂಡು ಹೋಗಿ, ಟಿನ್ ಫ್ಯಾಕ್ಟರಿ ಸ್ಟಾಪ್‌ವರೆಗೂ ಬಸ್ ಹತ್ತಿದವರಿಗೆಲ್ಲ ತೋರಿಸಿ ಬಂದ. ಸಂಜೆ ನಾನೇ ಕಿತ್ತುಕೊಂಡು ಬೈದೆ: "ಅದು ಕಾಲೇಜಿಗೆ ಕೊಡೋ ಕಾಗದ ಕಣಯ್ಯಾ, ನಿನ್ನ ಬಸ್ ಪಾಸಲ್ಲ!"